ಗುಜರಿಯಿಂದ ಬಂದ ಬೆಂಡಿಂಗ್ ಯಂತ್ರ: ಓದುಗರ ಪ್ರಶ್ನೆ, ಮೇಸ್ತ್ರಿಯ ಉತ್ತರ

ಏರ್ ಕೂಲರ್ ಡಬ್ಬಿ ಕಟ್ಟುವ ಬಗೆ ಬರೆದಾಗ, ತಗಡು ಮಡಿಸುವ ಹೊಸ ಬೆಂಡಿಂಗ್ ಯಂತ್ರ ಕೊಳ್ಳಲಾಗದವರು ಹಳೆಯದನ್ನು ಹುಡುಕಿಕೊಳ್ಳಲಿ ಎಂದು ಒಂದು ಸಾಲು ಸೇರಿಸಿದ್ದೆ. ಕೂಲರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಂದ ಕಾಗದಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ನಮ್ಮ ಮೂರು ಜಿಲ್ಲೆಗಳಿಂದ ಬಂದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬೆಲೆ ಎಷ್ಟು ಎಂದಷ್ಟೇ ಕೇಳಿದವರಿಗೆ ಉತ್ತರವಿಲ್ಲ. ಯಂತ್ರ ನೋಡದೆ ಬೆಲೆ ಹೇಳುವುದು ನನಗೆ ಬಾರದು.

ಪ್ರಶ್ನೆ: ಅಕ್ಕಿ ಗಿರಣಿಗಳಿಗೆ ಹಾಪರ್, ಚ್ಯೂಟ್, ಎಲಿವೇಟರ್ ಕವರ್ ಮಾಡಿಕೊಡುವ ಸಣ್ಣ ಶೆಡ್ ನನ್ನದು. ಬಳ್ಳಾರಿಯ ಗುಜರಿಯೊಂದರಲ್ಲಿ ನಾಲ್ಕು ಅಡಿಯ ಕೈ ಬೆಂಡಿಂಗ್ ಯಂತ್ರ ನೋಡಿದ್ದೇನೆ. ಹೊಸದಾಗಿ ಹಸಿರು ಬಣ್ಣ ಬಳಿದಿದ್ದಾರೆ. 16 ಗೇಜ್ ದಪ್ಪದ ತಗಡು ಬಗ್ಗಿಸುತ್ತದೆ ಎನ್ನುತ್ತಾರೆ. ನಂಬಬಹುದೇ? ಏನೇನು ನೋಡಬೇಕು?
– ಓದುಗರು, ಸಿರುಗುಪ್ಪ

ಉತ್ತರ: ಹೊಸ ಬಣ್ಣ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ತುಕ್ಕು ಮುಚ್ಚಲು ಬಳಿದಿದ್ದರೆ ನನ್ನ ತಕರಾರಿಲ್ಲ, ತುಕ್ಕು ನಮ್ಮ ಕೈಯಿಂದ ಹೋಗುವಂಥದ್ದು. ಬಿರುಕನ್ನೋ ವೆಲ್ಡಿಂಗ್ ಹಾಕಿದ ಜಾಗವನ್ನೋ ಮುಚ್ಚಲು ಬಳಿದಿದ್ದರೆ ಆ ಯಂತ್ರ ಗುಜರಿಯಲ್ಲೇ ಇರಲಿ. ಹಳೆಯ ಯಂತ್ರಗಳ ಕಾಲು ಮತ್ತು ಪಕ್ಕದ ಚೌಕಟ್ಟು ಸಾಮಾನ್ಯವಾಗಿ ಬೀಡಿನವು, ಅಂದರೆ ಎರಕದ ಕಬ್ಬಿಣದವು. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಒಡೆದದ್ದನ್ನು ಸಾಮಾನ್ಯ ರಾಡಿನಿಂದ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ನಿಕ್ಕಲ್ ರಾಡು ಬೇಕು, ಮೊದಲೇ ಕಾಯಿಸಬೇಕು, ಆಮೇಲೆ ನಿಧಾನವಾಗಿ ಆರಲು ಬಿಡಬೇಕು. ಇಲ್ಲವೇ ಹಿತ್ತಾಳೆ ಬೆಸುಗೆ ಹಾಕಬೇಕು. ಅಷ್ಟು ತಾಳ್ಮೆಯ ವೆಲ್ಡರ್ ನಿಮಗೆ ಗೊತ್ತಿದ್ದರೆ ಆತನ ಮನೆಯ ದಾರಿ ನನಗೂ ತಿಳಿಸಿ.

ಬಿರುಕು ಪತ್ತೆ ಮಾಡಲು ಹಳೆಯ ಉಪಾಯವೊಂದಿದೆ. ಅನುಮಾನ ಬಂದ ಕಡೆ, ಮುಖ್ಯವಾಗಿ ಕಾಲು ಚೌಕಟ್ಟಿಗೆ ಸೇರುವ ಮೂಲೆಗಳಲ್ಲಿ, ಬಣ್ಣ ಕೆರೆಯಿರಿ. ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದರೂ ನಡೆಯುತ್ತದೆ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕೆರೆಯಲು ಮಾಲೀಕ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಇನ್ನು ನೇರ ಇದೆಯೇ ಎಂಬ ಪ್ರಶ್ನೆ. ಕಣ್ಣಳತೆ ಸಾಲದು, ಬಗ್ಗಿಸಿಯೇ ನೋಡಬೇಕು. ಹೋಗುವಾಗ ಒಂದೇ ತಗಡಿನಿಂದ ಕತ್ತರಿಸಿದ, ಒಂದು ಇಂಚು ಅಗಲದ ಮೂರು ಪಟ್ಟಿಗಳನ್ನು ಜೇಬಿನಲ್ಲಿ ಒಯ್ಯಿರಿ. ಎಡ ತುದಿಗೆ ಒಂದು, ನಡುವೆ ಒಂದು, ಬಲ ತುದಿಗೆ ಒಂದು ಇಟ್ಟು ಮೇಲಿನ ಕ್ಲ್ಯಾಂಪ್ ಬಿಗಿದು, ಮೂರನ್ನೂ ಒಟ್ಟಿಗೆ ತೊಂಬತ್ತು ಡಿಗ್ರಿಗೆ ಎತ್ತಿ. ಹೊರತೆಗೆದು ಒಂದರ ಮೇಲೊಂದು ಕೂರಿಸಿ. ಮೂರರ ಕೋನವೂ ಒಂದೇ ಆಗಿರಬೇಕು, ಮಡಿಕೆಯ ಹೊರ ಮೂಲೆಯ ದುಂಡೂ ಒಂದೇ ಆಗಿರಬೇಕು. ಒಂದು ತುದಿಯ ಮೂಲೆ ಮಾತ್ರ ದೊಡ್ಡ ದುಂಡಾಗಿ ಬಂದರೆ ಆ ಕಡೆಯ ಹಿಂಜ್ ಸವೆದಿದೆ, ಇಲ್ಲವೇ ಕ್ಲ್ಯಾಂಪ್ ಆ ಕಡೆ ಹಿಂದೆ ಸರಿದಿದೆ. ಎರಡನೆಯದನ್ನು ಹಿಂಬದಿಯ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಹಿಂಜ್ ಪರೀಕ್ಷಿಸಲು ಲೀಫನ್ನು, ಅಂದರೆ ತಗಡನ್ನು ಎತ್ತಿ ಮಡಿಸುವ ಹಲಗೆಯನ್ನು, ತುದಿಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಎಂದರೆ ಪಿನ್ನು ಅಥವಾ ಬುಷ್ ಹೋಗಿದೆ. ಲೇತ್‌ನವನು ತೂತನ್ನು ಸಮ ಮಾಡಿ ಗನ್‌ಮೆಟಲ್ ಬುಷ್ ಕೂರಿಸಿಕೊಡುತ್ತಾನೆ. ಅದಕ್ಕೆ ಆಗುವ ಖರ್ಚನ್ನು ಬೆಲೆಯಿಂದ ಮುರಿದುಕೊಳ್ಳಿ.

ಪಟ್ಟಿಗಳು ಪಾಸಾದ ಮೇಲೆ ಪೂರ್ತಿ ನಾಲ್ಕು ಅಡಿಯ ತುಂಡೊಂದನ್ನು ಬಗ್ಗಿಸಲೇಬೇಕು. ಪಟ್ಟಿಯ ಪರೀಕ್ಷೆ ಯಂತ್ರ ಸುಮ್ಮನಿದ್ದಾಗ ನೇರವಿದೆಯೇ ಎಂಬುದನ್ನಷ್ಟೇ ಹೇಳುತ್ತದೆ, ಭಾರ ಬಿದ್ದಾಗ ಏನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಉದ್ದದ ತುಂಡಿನಲ್ಲಿ ಎರಡು ತುದಿ ತೊಂಬತ್ತಕ್ಕೆ ಬಂದು ನಡು ಮಾತ್ರ ಬಾಯಿ ತೆರೆದಂತೆ ಉಳಿದರೆ ತಗಡು ಕೂರುವ ಬೆಡ್ ಅಥವಾ ಲೀಫ್ ನಡುಭಾಗದಲ್ಲಿ ಹೊಟ್ಟೆ ಬಿಡುತ್ತಿದೆ ಎಂದರ್ಥ. ಉದ್ದಕ್ಕೂ ಬಿಗಿಕಂಬಿ ಇರುವ ಮಾದರಿಯಾದರೆ ಅದರ ನಟ್ಟು ಬಿಗಿದು ಸ್ವಲ್ಪ ಸರಿಪಡಿಸಬಹುದು. ಕಂಬಿ ಇಲ್ಲದ್ದಾದರೆ ಯಾರೋ ಶಕ್ತಿಗೆ ಮೀರಿದ ತಗಡನ್ನು ಹಾಕಿ ಕೆಡಿಸಿದ್ದಾರೆ, ಬಿಟ್ಟುಬಿಡಿ.

16 ಗೇಜ್ ಎಂಬ ಮಾತು: 16 ಗೇಜ್ ಅಂದರೆ ಸುಮಾರು 1.6 ಮಿ.ಮೀ., 18 ಅಂದರೆ 1.2. ಎರಡೇ ಗೇಜಿನ ಅಂತರ ಎಂದು ಕಾಣುತ್ತದೆ. ಆದರೆ ಬಗ್ಗಿಸಲು ಬೇಕಾದ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಏರುವುದರಿಂದ 16ಕ್ಕೆ 18ಕ್ಕಿಂತ ಮುಕ್ಕಾಲು ಪಾಲು ಹೆಚ್ಚು ಬಲ ಬೇಕು. ಯಂತ್ರದ ಮೇಲೆ ಬರೆದ ಗೇಜು ಸಾದಾ ಕಬ್ಬಿಣದ ತಗಡಿಗೆ, ಅದೂ ಯಂತ್ರ ಹೊಸದಿದ್ದಾಗ. ಗಿರಣಿಯ ಚ್ಯೂಟಿಗೆ ನೀವು 18 ಅಥವಾ 20 ಹಾಕುತ್ತೀರಿ ಎಂದುಕೊಂಡಿದ್ದೇನೆ. ಹಾಗಿದ್ದರೆ 16ರ ಯಂತ್ರವೇ ನಿಮಗೆ ಸರಿ. ಕ್ಲ್ಯಾಂಪಿನ ಮೂತಿಯನ್ನು ಮಡಿಕೆಯ ಗೆರೆಯಿಂದ ತಗಡಿನ ದಪ್ಪದಷ್ಟಾದರೂ ಹಿಂದಕ್ಕೆ ಇಡುವುದನ್ನು ಮರೆಯಬೇಡಿ. ಹಾಗೆ ಇಡದವರಿಂದಲೇ ಹಳೆಯ ಯಂತ್ರಗಳ ಮೂತಿ ಜಜ್ಜಿಹೋಗಿರುತ್ತದೆ.

ನಮ್ಮ ಕಡೆಯ ಯಂತ್ರಕ್ಕೆಂದೇ ಒಂದು ಮಾತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಬಾಡಿ ಕಟ್ಟುತ್ತಿದ್ದ ಶೆಡ್‌ಗಳಿಗೂ ಏಟು ಬಿತ್ತು, ಅಲ್ಲಿಯ ಸಾಮಾನು ಇಂದಿಗೂ ಕೈಯಿಂದ ಕೈಗೆ ತಿರುಗುತ್ತಿದೆ. ಅಂಥ ಯಂತ್ರದ ಸ್ಕ್ರೂಗಳಲ್ಲಿ, ಹಿಂಜ್‌ಗಳಲ್ಲಿ ಕೆಂಪು ಅದಿರಿನ ಧೂಳು ಗ್ರೀಸಿನೊಂದಿಗೆ ಕಲಸಿ ಕೂತಿರುತ್ತದೆ. ಆ ಮಿಶ್ರಣ ಸಾಣೆ ಹಿಡಿಯುವ ಪುಡಿಯೇ ಸರಿ. ತಂದ ಕೂಡಲೇ ಗಿರಗಿರ ತಿರುಗಿಸಿ ನೋಡಬೇಡಿ; ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ಕೆಂಪು ಬರುವುದು ನಿಂತ ಮೇಲೆ ಹೊಸ ಗ್ರೀಸ್ ತುಂಬಿ.

ಸಾಗಿಸುವಾಗ ಲೀಫನ್ನು ಹಗ್ಗದಿಂದ ಬೆಡ್‌ಗೆ ಕಟ್ಟಿ. ತೆರೆದುಕೊಂಡರೆ ಕಾಲಿನ ಮೇಲೆ ಬೀಳುತ್ತದೆ, ನಿಮ್ಮ ಕಾಲಾದರೂ ಸರಿ, ಯಂತ್ರದ್ದಾದರೂ ಸರಿ. ಹಿಡಿಗೆ ಸರಪಳಿ ಹಾಕಿ ಎತ್ತಬೇಡಿ, ಚೌಕಟ್ಟಿಗೆ ಹಾಕಿ. ಶೆಡ್‌ನಲ್ಲಿ ನಾಲ್ಕೂ ಕಾಲು ಒಂದೇ ಮಟ್ಟದಲ್ಲಿ ಕೂರುವಂತೆ ರಸಮಟ್ಟ ಇಟ್ಟು, ಅಡಿಗೆ ತಗಡಿನ ಚೂರು ಕೊಟ್ಟು ಬೋಲ್ಟ್ ಹಾಕಿ. ಸೊಟ್ಟ ಎಂದು ಹೆಸರು ಕೆಟ್ಟ ಯಂತ್ರಗಳಲ್ಲಿ ಎಷ್ಟೋ ಸಲ ಸೊಟ್ಟಗಿರುವುದು ನೆಲ. ಹಾಗಾಗಿ ಗುಜರಿಯ ಮಣ್ಣಿನ ಮೇಲೆ ಪಟ್ಟಿ ಪರೀಕ್ಷೆ ಮಾಡುವಾಗಲೂ ಮೊದಲು ಕಾಲಿನಡಿ ನೋಡಿ.

ಪ್ರಶ್ನೆ: ತುಕ್ಕು ಹಿಡಿದ ಬೆಂಡಿಂಗ್ ಯಂತ್ರವೊಂದು ಅಗ್ಗಕ್ಕೆ ಸಿಕ್ಕಿತು. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿದರೆ ಒಂದೇ ದಿನಕ್ಕೆ ಬೆಳ್ಳಗಾಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಹಾಕಲೇ?
– ಓದುಗರು, ರಾಯಚೂರು

ಉತ್ತರ: ಬೇಡ. ಬೆಳ್ಳಗಾಗುವುದು ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆಸಿಡ್. ಅದರ ಹಬೆ ಶೆಡ್‌ನಲ್ಲಿರುವ ಉಳಿದ ಉಪಕರಣಗಳಿಗೆಲ್ಲ ರಾತ್ರೋರಾತ್ರಿ ತುಕ್ಕು ಹಿಡಿಸುತ್ತದೆ. ಸಂದುಗೊಂದುಗಳಲ್ಲಿ ಉಳಿದದ್ದು ವಾರದೊಳಗೆ ಮತ್ತೆ ಕೆಂಪಾಗಿ ಹೊರಬರುತ್ತದೆ. ಸ್ಪ್ರಿಂಗು, ಗಡಸು ಮಾಡಿದ ಡೈಗಳಿಗೆ (ತಗಡನ್ನು ಒತ್ತುವ ಅಚ್ಚುಗಳಿಗೆ) ಇನ್ನೂ ಕೇಡು: ಆಸಿಡ್‌ನಿಂದ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದು ಗಾಜಿನಂತೆ ಮುರಿಯಬಹುದು.

ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸಾಕು. ಲೀಟರ್ ನೀರಿಗೆ ಸುಮಾರು 50 ಗ್ರಾಂ. ಬಿಚ್ಚಬಹುದಾದ ಭಾಗಗಳನ್ನು ಮೊದಲು ಸೋಪು ನೀರಿನಲ್ಲಿ ಜಿಡ್ಡು ಹೋಗುವಂತೆ ತೊಳೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಆಮೇಲೆ ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಣಗಿದ ತಕ್ಷಣ ಎಣ್ಣೆ ಸವರಿ. ಒಣಗಿಸುವ ಚಿಂತೆ ರಾಯಚೂರಿನವರಿಗೆ ಬೇಡ, ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣದ ಪಟ್ಟಿಯನ್ನು ಬರಿಗೈಯಲ್ಲಿ ಮುಟ್ಟಲೂ ಆಗುವುದಿಲ್ಲ. ಬೆಡ್‌ನಂಥ ದೊಡ್ಡ ಭಾಗ ತೊಟ್ಟಿಯಲ್ಲಿ ಮುಳುಗದು. ಹಳೆಯ ಬಟ್ಟೆಯನ್ನು ಅದೇ ನೀರಿನಲ್ಲಿ ಅದ್ದಿ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಪ್ಲಾಸ್ಟಿಕ್ ಇಲ್ಲದಿದ್ದರೆ ನಿಮ್ಮೂರಿನ ಸೆಕೆಗೆ ಬಟ್ಟೆ ಗಂಟೆಯೊಳಗೆ ಒಣಗಿ ಕೆಲಸ ನಿಂತುಹೋಗುತ್ತದೆ.

ಬ್ಯಾಟರಿ ಚಾರ್ಜರ್ ಇದ್ದವರು ವಿದ್ಯುತ್ತಿನಿಂದಲೂ ತುಕ್ಕು ಬಿಡಿಸಬಹುದು. ಪ್ಲಾಸ್ಟಿಕ್ ತೊಟ್ಟಿ, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್. ತುಕ್ಕಿನ ಭಾಗಕ್ಕೆ ನೆಗೆಟಿವ್ ತಂತಿ, ಬೇಡವಾದ ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಎಂದೂ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಸೋಡಾಕ್ಕೆ ಬದಲು ಅಡುಗೆ ಉಪ್ಪನ್ನೂ ಹಾಕಬೇಡಿ, ಕ್ಲೋರಿನ್ ಏಳುತ್ತದೆ. ಬರುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಹಾಗಾಗಿ ತೊಟ್ಟಿ ಬಯಲಿನಲ್ಲಿರಲಿ, ಪಕ್ಕದಲ್ಲಿ ಯಾರೂ ಬೀಡಿ ಹಚ್ಚದಿರಲಿ. ಗಡಸು ಡೈ, ಸ್ಪ್ರಿಂಗ್‌ಗಳಿಗೆ ಇದೂ ಬೇಡ. ಅವನ್ನು ಎಣ್ಣೆ ಮತ್ತು ಸಣ್ಣ ಎಮರಿಯಿಂದ ಕೈಯಲ್ಲೇ ಉಜ್ಜಿ.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಗ್ರೈಂಡರ್ ಹಚ್ಚಿ ಪುಡಿ ಎಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ದೂರವಿಡಿ. ಬಗ್ಗಿಸುವ ಅಂಚುಗಳಿಗೆ ಬಣ್ಣ ಬಳಿಯಬೇಡಿ ಎಂದು ಬೇರೆ ಹೇಳಬೇಕಿಲ್ಲ, ಆದರೂ ಬಳಿದವರನ್ನು ನೋಡಿದ್ದೇನೆ.

ಪ್ರಶ್ನೆ: ನನ್ನ ತಂದೆ ಕುಷ್ಟಗಿಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಡಬ್ಬಿ, ಲಾಳಿಕೆ, ಕಾಳು ತುಂಬುವ ಕಣಜ ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಬ್ಬಿಣದ ಗೂಟಗಳು, ಕೊಡತಿಗಳು ಚೀಲದಲ್ಲಿ ಬಿದ್ದಿವೆ. ಗುಜರಿಯವರು ಕಿಲೋ ಲೆಕ್ಕಕ್ಕೆ ಕೇಳುತ್ತಿದ್ದಾರೆ. ನನ್ನ ಮಗ ಐಟಿಐಯಲ್ಲಿ ಶೀಟ್ ಮೆಟಲ್ ಕಲಿಯುತ್ತಿದ್ದಾನೆ, ಅವನಿಗೆ ಉಪಯೋಗವಾಗುತ್ತವೆಯೇ ಅಣ್ಣಾ?
– ಓದುಗರು, ಕುಷ್ಟಗಿ

ಉತ್ತರ: ಕೊಡಬೇಡ ತಂಗೀ. ಗೂಟ ಎಂದು ನೀನು ಬರೆದಿರುವುದು ಸ್ಟೇಕ್‌ಗಳು, ತಗಡನ್ನು ಮೇಲಿಟ್ಟು ಬಡಿದು ಆಕಾರ ಕೊಡುವಂಥವು. ಮಗನಿಗೆ ತೋರಿಸು, ಒಂದೊಂದನ್ನೂ ಗುರುತಿಸುತ್ತಾನೆ. ಕೊಡಲಿಯ ಬಾಯಿಯ ಹಾಗೆ ಉದ್ದ ನೇರ ಅಂಚಿನದು ತಗಡನ್ನು ಚೂಪಾಗಿ ಮಡಿಸಲು. ಅರ್ಧಚಂದ್ರದ ಅಂಚಿನದು ದುಂಡು ತಗಡಿನ ಅಂಚು ಎಬ್ಬಿಸಲು. ಕೊಂಬಿನಂತೆ ಮೊನಚಾದದ್ದು ಲಾಳಿಕೆ ಸುತ್ತಲು. ಇವು ಮಾಡುವ ಕೆಲಸದಲ್ಲಿ ಅರ್ಧದಷ್ಟನ್ನು ಬೆಂಡಿಂಗ್ ಯಂತ್ರ ಮಾಡಲಾರದು, ಯಂತ್ರ ನೇರ ಗೆರೆಯನ್ನಷ್ಟೇ ಬಗ್ಗಿಸುತ್ತದೆ. ಕಿಲೋ ಲೆಕ್ಕಕ್ಕೆ ಕೇಳುವವನಿಗೂ ಅದು ಗೊತ್ತು, ಅವನು ಕಿಲೋ ಲೆಕ್ಕಕ್ಕೆ ಮಾರುವುದಿಲ್ಲ.

ಮಗನಿಗೆ ಈ ಕೆಲಸ ಹೇಳು. ಸ್ಟೇಕಿನ ಮುಖದ ಮೇಲಿರುವ ಪ್ರತಿ ಗೀರೂ ತಗಡಿನ ಮೇಲೆ ಮೂಡುತ್ತದೆ. ಆದ್ದರಿಂದ ನಯವಾದ ಅರದಿಂದ ಉದ್ದುದ್ದಕ್ಕೆ ಉಜ್ಜಿ, ಆಮೇಲೆ 120, 220, 400 ನಂಬರಿನ ಎಮರಿ ಹಾಳೆಗಳನ್ನು ಮರದ ತುಂಡಿಗೆ ಸುತ್ತಿ ತಿಕ್ಕಬೇಕು. ಆಂಗಲ್ ಗ್ರೈಂಡರ್ ಮುಟ್ಟಿಸಬಾರದು. ಅಂಚು ಕಾಯ್ದು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಯ ಗಡಸುತನ ಹೋಯಿತೆಂದೇ ಲೆಕ್ಕ. ಅರವೇ ಜಾರುತ್ತಿದ್ದರೆ ಮುಖ ಗಡಸಾಗಿದೆ, ಎಮರಿ ಮಾತ್ರ ಸಾಕು. ಸುತ್ತಿಗೆ ಏಟಿಗೆ ಅಣಬೆಯಂತೆ ಅರಳಿದ ತಲೆಗಳನ್ನು ಮಾತ್ರ ಅಗತ್ಯವಾಗಿ ಸಾಣೆ ಹಿಡಿಯಬೇಕು. ಆ ಅಂಚಿನ ಚೂರು ಸಿಡಿದರೆ ನೇರ ಕಣ್ಣಿಗೆ ಬರುತ್ತದೆ. ಕೊಡತಿಯ ಮರ ಸೀಳಿದ್ದರೆ ಬದಲಿಸಲಿ, ಆದರೆ ತಾತನ ಕೈ ಪಳಗಿದ ಹಿಡಿಯನ್ನು ಬಿಸಾಡದಿರಲಿ.

ಕಣಜದ ಬಾಯಿಗೆ ತಂತಿ ಸುತ್ತಿ ಮಡಿಸಲು ತಂತಿಯ ದಪ್ಪದ ಎರಡೂವರೆ ಪಟ್ಟು ತಗಡು ಹೆಚ್ಚು ಬಿಡಬೇಕು. ಎರಡು ಅಂಚುಗಳನ್ನು ಮಡಿಸಿ ಒಂದಕ್ಕೊಂದು ಸಿಕ್ಕಿಸುವ ಕೊಂಡಿ ಜೋಡಣೆಗೆ ಜೋಡಣೆಯ ಅಗಲದ ಮೂರು ಪಟ್ಟು. ಐಟಿಐಯಲ್ಲೂ ಇದನ್ನೇ ಕಲಿಸುತ್ತಾರೆ. ನಿನ್ನ ತಂದೆ ಯಾವ ಪುಸ್ತಕವೂ ಇಲ್ಲದೆ ಬೆರಳಿನಲ್ಲಿ ಅಳೆದು ಇದೇ ಲೆಕ್ಕಕ್ಕೆ ಬಂದಿರುತ್ತಾರೆ. ಮನೆಯಲ್ಲಿ ಅವರು ಮಾಡಿದ ಕಣಜ ಉಳಿದಿದ್ದರೆ ಮಗನಿಗೆ ಅದರ ಬಾಯಿಯನ್ನು ಅಳೆಯಲು ಹೇಳು.

ಪ್ರಶ್ನೆ: ಮುಚ್ಚಿದ ಕಾರ್ಖಾನೆಯೊಂದರಿಂದ 40 ಟನ್ನಿನ, ಎಂಟು ಅಡಿಯ ಹಳೆಯ ಪ್ರೆಸ್ ಬ್ರೇಕ್ (ತಗಡನ್ನು ಮೇಲಿನಿಂದ ಡೈಯೊಳಗೆ ಒತ್ತಿ ಬಗ್ಗಿಸುವ ಯಂತ್ರ) ಮಾರಾಟಕ್ಕಿದೆ. ಚಿತ್ರ ಕಳಿಸಿದ್ದೇನೆ. ಟಿಪ್ಪರ್ ಬಾಡಿಗೆ 3 ಮಿ.ಮೀ. ಪ್ಲೇಟನ್ನು ಪೂರ್ತಿ ಎಂಟು ಅಡಿ ಬಗ್ಗಿಸುವ ಆಸೆ.
– ಓದುಗರು, ತೋರಣಗಲ್ಲು

ಉತ್ತರ: ಮೊದಲು ಲೆಕ್ಕ ಮಾಡಿ. ಸಾದಾ ಕಬ್ಬಿಣಕ್ಕೆ ಕೆಳಗಿನ ಡೈಯ ವಿ ಬಾಯಿ ತಗಡಿನ ದಪ್ಪದ ಎಂಟು ಪಟ್ಟು ಇರಬೇಕು. ಒಂದು ಮೀಟರ್ ಉದ್ದಕ್ಕೆ ಬೇಕಾಗುವ ಟನ್ನು ಕಂಡುಹಿಡಿಯಲು ದಪ್ಪವನ್ನು ದಪ್ಪದಿಂದಲೇ ಗುಣಿಸಿ, 65ರಿಂದ ಗುಣಿಸಿ, ವಿ ಬಾಯಿಯ ಅಳತೆಯಿಂದ ಭಾಗಿಸಿ, ಅಳತೆಗಳೆಲ್ಲ ಮಿ.ಮೀ.ನಲ್ಲಿ. ನಿಮ್ಮ 3 ಮಿ.ಮೀ.ಗೆ 24ರ ಬಾಯಿ: ಮೀಟರಿಗೆ 24 ಟನ್ನಿಗಿಂತ ಸ್ವಲ್ಪ ಹೆಚ್ಚು. ಎಂಟು ಅಡಿ ಎಂದರೆ 2.44 ಮೀಟರ್, ಒಟ್ಟು ಸುಮಾರು 60 ಟನ್. ಯಂತ್ರ 40ರದು. 2 ಮಿ.ಮೀ.ಗೆ 16ರ ಬಾಯಿ ಹಾಕಿದರೆ ಎಂಟು ಅಡಿಗೆ ಹತ್ತಿರ ಹತ್ತಿರ 40 ಟನ್ ಆಗುತ್ತದೆ, ಅಲ್ಲಿಗೆ ಅದರ ಶಕ್ತಿ ಮುಗಿಯಿತು. 3 ಮಿ.ಮೀ. ಬೇಕೆಂದರೆ ಐದು ಅಡಿ ಉದ್ದಕ್ಕೆ ನಿಲ್ಲಿಸಬೇಕು.

ಲೆಕ್ಕ ಸರಿಹೊಂದಿದ್ದರೂ ನಾನು ಬೇಡ ಎನ್ನುತ್ತಿದ್ದೆ. ಚಿತ್ರದಲ್ಲಿ ಪಕ್ಕಕ್ಕೆ ದೊಡ್ಡ ಫ್ಲೈವೀಲ್ ಇದೆ, ಕೆಳಗೆ ಕಾಲಿನ ಪೆಡಲ್ ಇದೆ, ಎದುರಿಗೆ ಯಾವ ಕಾವಲೂ ಇಲ್ಲ. ಕೀಲಿ ಕ್ಲಚ್ಚಿನ ಹಳೆಯ ಯಂತ್ರಗಳಲ್ಲಿ ಒಮ್ಮೆ ಪೆಡಲ್ ಒತ್ತಿದರೆ ಸುತ್ತು ಪೂರ್ತಿಯಾಗುವವರೆಗೆ ನಡುವೆ ನಿಲ್ಲಿಸಲು ಬರುವುದಿಲ್ಲ. ಕೀಲಿ ಸವೆದಿದ್ದರೆ ಪೆಡಲ್ ಒತ್ತದೆಯೇ ಎರಡನೆಯ ಸಲ ಇಳಿಯಬಹುದು, ಆಗ ಹುಡುಗನ ಬೆರಳು ಎಲ್ಲಿರುತ್ತದೆ? ನಮ್ಮ ಕಡೆಯ ಶೆಡ್‌ಗಳಲ್ಲಿ ಅರ್ಧ ಬೆರಳಿನ ಮೇಸ್ತ್ರಿಗಳು ಎಷ್ಟು ಮಂದಿ ಇದ್ದಾರೆ ಎಂದು ನಿಮಗೂ ಗೊತ್ತು. ಸ್ವಲ್ಪ ಕಾದು ಹಳೆಯದಾದರೂ ಹೈಡ್ರಾಲಿಕ್ ಹುಡುಕಿ, ಎರಡೂ ಕೈಯಿಂದ ಒತ್ತುವ ಬಟನ್ ಹಾಕಿಸಿ. ಅಲ್ಲಿಯವರೆಗೆ 3 ಮಿ.ಮೀ. ಪ್ಲೇಟನ್ನು ದೊಡ್ಡ ಯಂತ್ರ ಇರುವವರ ಬಳಿ ಕೂಲಿಗೆ ಬಗ್ಗಿಸಿ ತನ್ನಿ.

ಪ್ರಶ್ನೆ: ಹಳೆಯ ಯಂತ್ರದ ಬೋಲ್ಟಿಗೆ ಅಂಗಡಿಯ 12 ಎಂ.ಎಂ. ನಟ್ಟು ಹಿಡಿಯುತ್ತಿಲ್ಲ. ತೂತಿಗೆ ಹೊಸ ಎಳೆ (ಥ್ರೆಡ್) ಹೊಡೆಸಲೇ?
– ಓದುಗರು, ಸಿಂಧನೂರು

ಉತ್ತರ: ಹೊಡೆಸಬೇಡಿ. ಅದು ಬಹುಶಃ ಅರ್ಧ ಇಂಚಿನ ವಿಟ್‌ವರ್ತ್, ಅಂದರೆ ಹಳೆಯ ಬ್ರಿಟಿಷ್ ಅಳತೆಯದು, ಇಂಚಿಗೆ 12 ಎಳೆ, ಎಳೆಯ ಕೋನ 55 ಡಿಗ್ರಿ. ನೀವು ತಂದದ್ದು 1.75 ಮಿ.ಮೀ. ಅಂತರದ, 60 ಡಿಗ್ರಿಯದು. ಬೋಲ್ಟನ್ನೇ ಅಂಗಡಿಗೆ ಒಯ್ದು ವಿಟ್‌ವರ್ತ್ ನಟ್ಟು ಕೇಳಿ, ಹಳೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ.

ಪ್ರಶ್ನೆ: ಬಾಕ್ಸ್ ಮಾಡುವ ಫಿಂಗರ್ ಬೆಂಡರ್ (ಮೇಲಿನ ಕ್ಲ್ಯಾಂಪ್ ಬಿಡಿ ಬಿಡಿ ತುಂಡುಗಳಾಗಿರುವ ಯಂತ್ರ) ಕೊಂಡೆ. ಬಗ್ಗಿಸಿದ ಗೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗುರುತು ಬೀಳುತ್ತದೆ. ಎದ್ದ ಫಿಂಗರ್‌ಗಳ ಮೂತಿಗೆ ಸಾಣೆ ಹಿಡಿಯಬಹುದೇ?
– ಓದುಗರು, ಗಂಗಾವತಿ

ಉತ್ತರ: ಒಂದೊಂದಕ್ಕೇ ಸಾಣೆ ಹಿಡಿದರೆ ಯಂತ್ರ ಶಾಶ್ವತವಾಗಿ ಕೆಟ್ಟಿತು. ಫಿಂಗರ್‌ಗಳನ್ನೆಲ್ಲ ಬಿಚ್ಚಿ, ಅವು ಕೂರುವ ಜಾಗವನ್ನು ತೊಳೆಯಿರಿ. ನಿಮ್ಮೂರಿನ ಗಿರಣಿಗಳ ಹೊಟ್ಟಿನ ಬೂದಿ ಅಲ್ಲೂ ಸೇರಿಕೊಂಡಿರುತ್ತದೆ. ಮತ್ತೆ ಕೂರಿಸಿ, ಒಂದೊಂದರ ಅಡಿಗೂ ಪತ್ರಿಕೆಯ ಕಾಗದದ ಪಟ್ಟಿ ಇಟ್ಟು ಬಿಗಿದು ಎಳೆದು ನೋಡಿ. ಸುಲಭವಾಗಿ ಜಾರಿ ಬಂದ ಪಟ್ಟಿಯ ಫಿಂಗರ್ ಮೇಲಿದೆ. ಅದರ ಹಿಂಬದಿಗೆ ತೆಳು ತಗಡಿನ ಚೂರು ಕೊಡಿ. ಆಗಲೂ ಸರಿಹೋಗದಿದ್ದರೆ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಸರ್ಫೇಸ್ ಗ್ರೈಂಡಿಂಗ್ ಮಾಡುವವರ ಬಳಿ ಒಯ್ಯಿರಿ. ಬೇರೆ ಯಂತ್ರದ ಫಿಂಗರ್ ಒಂದನ್ನು ಯಾರಾದರೂ ನಡುವೆ ಸೇರಿಸಿದ್ದಾರೆಯೇ ಎಂದೂ ನೋಡಿ.

ಪ್ರಶ್ನೆ: ಹೋಟೆಲುಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಮೇಜು ಮಾಡುತ್ತೇನೆ. ಹಳೆಯ ಯಂತ್ರದಲ್ಲಿ ಬಗ್ಗಿಸಿದ ಮೇಜು ಮೂಲೆಗಳಲ್ಲಿ ತುಕ್ಕು ಹಿಡಿಯುತ್ತಿದೆ. ತಗಡೇ ನಕಲಿಯೇ?
– ಓದುಗರು, ಕೊಪ್ಪಳ

ಉತ್ತರ: ತಗಡಿನ ತಪ್ಪಿರಲಾರದು. ಬೆಡ್ ಮೇಲಿನ ಕಬ್ಬಿಣದ ತುಕ್ಕು, ಹಿಂದೆ ಬಗ್ಗಿಸಿದ ಸಾದಾ ತಗಡಿನ ಕಣಗಳು ಒತ್ತಡಕ್ಕೆ ಸ್ಟೀಲಿನ ಮೈಯಲ್ಲಿ ಹೂತುಕೊಳ್ಳುತ್ತವೆ. ಕೆಂಪಾಗುವುದು ಆ ಕಣಗಳು. ಮೂಲೆಗಳನ್ನು ಸಿಟ್ರಿಕ್ ಆಸಿಡ್ ನೀರಿನಿಂದ ಒರೆಸಿ ತೊಳೆದರೆ ಹೋಗುತ್ತದೆ. ಉಜ್ಜುವುದಾದರೆ ಕಬ್ಬಿಣದ ತಂತಿ ಬ್ರಷ್ ಬೇಡ, ಅದರಿಂದ ಇನ್ನಷ್ಟು ಸೇರುತ್ತದೆ. ಸ್ಟೀಲ್ ಹಾಕುವ ಮೊದಲು ಬೆಡ್, ಕ್ಲ್ಯಾಂಪ್ ಎರಡನ್ನೂ ಎಣ್ಣೆ ಬಟ್ಟೆಯಿಂದ ಒರೆಸಿ, ತಗಡಿನ ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ಬಗ್ಗಿಸಿದ ಮೇಲೆಯೇ ಸುಲಿಯಿರಿ. ಸ್ಟೀಲಿಗೆ ಸಾದಾ ತಗಡಿಗಿಂತ ಸುಮಾರು ಒಂದೂವರೆ ಪಟ್ಟು ಬಲ ಬೇಕು, ಬಗ್ಗಿಸಿದ ಮೇಲೆ ಅದು ಹಿಂದಕ್ಕೆ ಚಿಮ್ಮುವುದೂ ಹೆಚ್ಚು. ಆದ್ದರಿಂದ 16 ಗೇಜಿನ ಹಳೆಯ ಯಂತ್ರದಲ್ಲಿ 20ಕ್ಕಿಂತ ದಪ್ಪದ ಸ್ಟೀಲ್ ಹಾಕಬೇಡಿ.

ಪ್ರಶ್ನೆ: ಸರ್ಕಾರಿ ಕಂಪನಿಗಳ ಹಳೆಯ ಯಂತ್ರಗಳನ್ನು ಹರಾಜಿನಲ್ಲಿ ಕೊಳ್ಳುವುದು ಲಾಭವೇ?
– ಓದುಗರು, ಲಿಂಗಸುಗೂರು

ಉತ್ತರ: ಕೇಂದ್ರ ಉಕ್ಕು ಸಚಿವಾಲಯದ ಅಡಿಯಲ್ಲಿರುವ ಎಂಎಸ್‌ಟಿಸಿ ಆನ್‌ಲೈನ್ ಹರಾಜು ನಡೆಸುತ್ತದೆ. ಮಾರಾಟ ಇದ್ದಲ್ಲಿ ಇದ್ದ ಹಾಗೆ. ಆಮೇಲಿನ ತಕರಾರಿಗೆ ಜಾಗವಿಲ್ಲ. ಒಳ್ಳೆಯ ಯಂತ್ರದ ಜೊತೆ ಬೇಡದ ಗುಜರಿಯನ್ನೂ ಒಂದೇ ಲಾಟಿನಲ್ಲಿ ಸೇರಿಸಿರಬಹುದು, ಆಗ ಎರಡನ್ನೂ ಎತ್ತಬೇಕು. ನೋಡಲು ಕೊಟ್ಟ ದಿನದಂದು ಖುದ್ದಾಗಿ ಹೋಗಿ, ಕ್ರೇನ್ ಮತ್ತು ಲಾರಿಯ ಬಾಡಿಗೆ ವಿಚಾರಿಸಿಕೊಂಡೇ ಬೆಲೆ ಕೂಗಿ. ಗಡುವಿನೊಳಗೆ ಸಾಗಿಸದಿದ್ದರೆ ನೆಲಬಾಡಿಗೆಯೂ ಬೀಳಬಹುದು, ಷರತ್ತುಗಳನ್ನು ಪೂರ್ತಿ ಓದಿ. ಮೇಲೆ ಸಿರುಗುಪ್ಪದವರಿಗೆ ಹೇಳಿದ ಮೂರು ಪಟ್ಟಿ, ಸೀಮೆಸುಣ್ಣ ನಿಮ್ಮ ಜೇಬಿನಲ್ಲೂ ಇರಲಿ. ಅಲ್ಲಿ ಬಗ್ಗಿಸಿ ನೋಡಲು ಬಿಡದಿದ್ದರೆ ಗುಜರಿ ತೂಕದ ಬೆಲೆಗಿಂತ ಮೇಲೆ ಹೋಗಬೇಡಿ.